ಪಿರಮಿಡ್ಡಿಗೆ ಟೇಪು ಹಿಡಿದ ಹುಡುಗ

ನಾಲ್ಕನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಬೇಸಿಗೆ ರಜೆಗೆ ಏನು ಪ್ಲಾನ್ ಅಂತ. ಇಂಟರ್ನ್‌ಶಿಪ್ ಸಿಕ್ಕವರು ಇಂಟರ್ನ್‌ಶಿಪ್ಪಿಗೆ, ಬ್ಯಾಕ್‌ಲಾಗ್ ಇರೋರು ಲೈಬ್ರರಿಗೆ. ನನ್ನ ತಲೆಗೆ ಮಾತ್ರ ಈ ಸಲ ಬೇರೆ ಹುಳ ಹೊಕ್ಕಿತ್ತು. ಹೊರದೇಶಗಳಲ್ಲಿ ಮಣ್ಣು ಅಗೆದು ಹಳೆಯ ಊರು, ಗೋರಿಗಳನ್ನು ಹುಡುಕುವ ಉತ್ಖನನಗಳು ನಡೆಯುತ್ತವಲ್ಲ, ಅಲ್ಲಿಗೆ ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಾರೆ. ಫೀಲ್ಡ್ ಸ್ಕೂಲ್ ಅಂತ ಹೆಸರು. ಬಹಳ ಕಡೆ ಬಿಸಿಲಲ್ಲಿ ಕೆಲಸ ಮಾಡೋದೂ ನಾವೇ, ಫೀಸು ಕಟ್ಟೋದೂ ನಾವೇ. ವಿಮಾನದ ಟಿಕೆಟ್ಟು, ವೀಸಾ, ಊಟ ಎಲ್ಲ ಸೇರಿಸಿ ಎಕ್ಸೆಲ್ ಶೀಟಲ್ಲಿ ಒಂದು ಮೊತ್ತ ಬಂತು. ಅದನ್ನು ಅಪ್ಪನಿಗೆ ತೋರಿಸುವ ಧೈರ್ಯ ಬರಲಿಲ್ಲ, ಶೀಟ್ ಮುಚ್ಚಿದೆ.

ಆದರೆ ಆ ಹುಡುಕಾಟದಲ್ಲಿ ಒಬ್ಬ ಮನುಷ್ಯ ಸಿಕ್ಕಿದ. ಅವನೂ ಹೀಗೇ ಹೊರದೇಶಕ್ಕೆ ಹೋಗುವ ಪ್ಲಾನ್ ಹಾಕಿದ್ದ, ಅದೂ ವರ್ಷಗಟ್ಟಲೆ, ಅಪ್ಪನ ಜೊತೆ ಕೂತು. ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಶಾಲೆಯನ್ನೂ ಕಂಡವನಲ್ಲ. ಗೊತ್ತಿದ್ದದ್ದು ಸರ್ವೆ ಮಾಡೋದು ಒಂದೇ. ಕೊನೆಗೆ ಈಜಿಪ್ಟಿನ ಪುರಾತತ್ತ್ವ ಶಾಸ್ತ್ರಕ್ಕೆ ಇಂಗ್ಲೆಂಡಿನ ಮೊದಲ ಪ್ರೊಫೆಸರ್ ಆದ. ಹೆಸರು ವಿಲಿಯಂ ಮ್ಯಾಥ್ಯೂ ಫ್ಲಿಂಡರ್ಸ್ ಪೆಟ್ರಿ. ಮುಂದೆ ಸರ್ ಪದವಿ ಪಡೆದ ದೊಡ್ಡ ಮನುಷ್ಯನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ, ಕ್ಷಮೆ ಇರಲಿ. ಕಥೆ ಶುರುವಾಗುವಾಗ ಅವನಿನ್ನೂ ಚಿಕ್ಕ ಹುಡುಗ.

ಪೆಟ್ರಿ ಹುಟ್ಟಿದ್ದು 1853ರ ಜೂನ್ 3ರಂದು, ಲಂಡನ್ ಪಕ್ಕದ ಚಾರ್ಲ್‌ಟನ್‌ನಲ್ಲಿ. ತಾಯಿಯ ತಂದೆ ಮ್ಯಾಥ್ಯೂ ಫ್ಲಿಂಡರ್ಸ್, ಹಡಗಿನಲ್ಲಿ ಆಸ್ಟ್ರೇಲಿಯಾ ಸುತ್ತಿ ಅದರ ನಕ್ಷೆ ಬರೆದ ಕ್ಯಾಪ್ಟನ್. ಆ ಖಂಡಕ್ಕೆ ಆಸ್ಟ್ರೇಲಿಯಾ ಅನ್ನುವ ಹೆಸರು ನಿಲ್ಲುವಂತೆ ಮಾಡಿದ್ದೂ ಆತನೇ. ತಾಯಿ ಆನ್‌ಗೆ ನಾಣ್ಯ, ಕಲ್ಲು, ಖನಿಜ ಕೂಡಿಡುವ ಹುಚ್ಚು. ಅಪ್ಪ ವಿಲಿಯಂ ಪೆಟ್ರಿ ನಮ್ಮ ಜಾತಿಯವನೇ, ಎಂಜಿನಿಯರ್. ಎಡಿಸನ್ ಬಲ್ಬ್ ಬರುವುದಕ್ಕಿಂತ ಎಷ್ಟೋ ಮುಂಚೆ ಕಾರ್ಬನ್ ಆರ್ಕ್ ದೀಪ ಉರಿಸುವ ಪ್ರಯೋಗ ಮಾಡಿದವನು.

ಹುಡುಗನ ಆರೋಗ್ಯ ಚೆನ್ನಾಗಿರಲಿಲ್ಲ. ಮನೆಯಲ್ಲೇ ಲ್ಯಾಟಿನ್, ಗ್ರೀಕ್, ಫ್ರೆಂಚ್ ಎಲ್ಲ ಒಟ್ಟಿಗೆ ತುಂಬಲು ಹೋಗಿ, ಹುಡುಗ ಸುಸ್ತಾಗಿ ಬಿದ್ದು, ಕೊನೆಗೆ ಪಾಠವನ್ನೇ ನಿಲ್ಲಿಸಿದರು. ಆಮೇಲೆ ಅವನು ಕಲಿತದ್ದೆಲ್ಲ ಅಮ್ಮನ ಪೆಟ್ಟಿಗೆಯಿಂದ, ಅಪ್ಪನ ಉಪಕರಣಗಳಿಂದ, ನಾಣ್ಯದ ಅಂಗಡಿಗಳಿಂದ. ಎಂಟು ವರ್ಷದವನಿದ್ದಾಗ ಮನೆಗೆ ಬಂದ ನೆಂಟರು, ಎಲ್ಲೋ ಒಂದು ರೋಮನ್ ಮನೆಯ ಅವಶೇಷವನ್ನು ಸಲಿಕೆಯಲ್ಲಿ ಎತ್ತಿ ಎತ್ತಿ ಹಾಕುತ್ತಿದ್ದಾರೆ ಅಂತ ಹೇಳಿದರಂತೆ. ಹುಡುಗನಿಗೆ ಸಂಕಟವಾಯಿತು. ಮಣ್ಣನ್ನು ಇಂಚಿಂಚಾಗಿ ಕೆರೆದು, ಯಾವುದು ಎಲ್ಲಿ ಹೇಗೆ ಬಿದ್ದಿದೆ ಅಂತ ನೋಡಬೇಕಲ್ಲವಾ ಅನ್ನುವುದು ಅವನ ವಾದ. ಇದು ಎಪ್ಪತ್ತು ದಾಟಿದ ಮೇಲೆ ಅವನೇ ಆತ್ಮಕಥೆಯಲ್ಲಿ ಬರೆದುಕೊಂಡದ್ದು. ವಯಸ್ಸಾದವರ ನೆನಪಿಗೆ ಸ್ವಲ್ಪ ಉಪ್ಪುಖಾರ ಸೇರಿರುತ್ತೆ ಅಂದುಕೊಂಡರೂ ಕಥೆ ಚೆನ್ನಾಗಿದೆ.

ಹತ್ತೊಂಬತ್ತು, ಇಪ್ಪತ್ತರ ವಯಸ್ಸಲ್ಲಿ ಪೆಟ್ರಿ ಮಾಡುತ್ತಿದ್ದದ್ದು ದಕ್ಷಿಣ ಇಂಗ್ಲೆಂಡಿನ ಹಳ್ಳಿಗಳಲ್ಲಿ ನಡೆಯೋದು. ಹಳೆಯ ಮಣ್ಣಿನ ಕೋಟೆ, ಕಲ್ಲಿನ ವೃತ್ತ ಕಂಡಲ್ಲೆಲ್ಲ ನಿಂತು ಅಳೆಯೋದು. 1872ರಲ್ಲಿ ಅಪ್ಪ ಮಗ ಇಬ್ಬರೂ ಸೇರಿ ಸ್ಟೋನ್‌ಹೆಂಜ್ ಸರ್ವೆ ಮಾಡಿದರು. ಆ ಕೆಲಸ ಮುಂದುವರಿಸಿ 1880ರಲ್ಲಿ ಅವನು ಪುಸ್ತಕ ಹಾಕಿದ. ಅದರಲ್ಲಿ ಒಂದೊಂದು ಕಲ್ಲಿಗೂ ಅವನು ಕೊಟ್ಟ ನಂಬರನ್ನೇ ಸ್ಟೋನ್‌ಹೆಂಜ್‌ನಲ್ಲಿ ಕೆಲಸ ಮಾಡುವವರು ಇವತ್ತಿಗೂ ಬಳಸುತ್ತಾರೆ. ಅದಕ್ಕೂ ಮುಂಚೆ, 1877ರಲ್ಲಿ, ಹಳೆಯ ಕಟ್ಟಡಗಳ ಅಳತೆಯಿಂದಲೇ ಕಟ್ಟಿದವರು ಬಳಸಿದ ಅಳತೆಗೋಲು ಯಾವುದೆಂದು ಹಿಂದಕ್ಕೆ ಲೆಕ್ಕ ಹಾಕುವುದರ ಬಗ್ಗೆ ಇನ್ನೊಂದು ಪುಸ್ತಕ ಬರೆದಿದ್ದ. ಆಗ 24 ವರ್ಷ. ನಾವು ಆ ವಯಸ್ಸಿಗೆ ಪ್ಲೇಸ್‌ಮೆಂಟ್ ಆಗಿದ್ದರೆ ಸಾಕು.

ಅಪ್ಪ ಮಗನ ನಿಜವಾದ ಕನಸು ಮಾತ್ರ ಬೇರೆ. ಅದು ಈಜಿಪ್ಟಿನ ಗೀಜಾದ ದೊಡ್ಡ ಪಿರಮಿಡ್. ಕಾರಣ ಒಂದು ಪುಸ್ತಕ. ಸ್ಕಾಟ್ಲೆಂಡಿನ ರಾಜಖಗೋಳಜ್ಞನಾಗಿದ್ದ ಚಾರ್ಲ್ಸ್ ಪಿಯಾಜಿ ಸ್ಮಿತ್ 1864ರಲ್ಲಿ ಆ ಪಿರಮಿಡ್ ಬಗ್ಗೆ ಒಂದು ಪುಸ್ತಕ ಬರೆದಿದ್ದ. ಪೆಟ್ರಿ ಹದಿಮೂರನೇ ವಯಸ್ಸಲ್ಲಿ ಅದನ್ನು ಕೊಂಡು ತಂದ. ಸ್ಮಿತ್ ಪ್ರಕಾರ ಪಿರಮಿಡ್ ಬರೀ ಗೋರಿಯಲ್ಲ. ದೇವರ ಪ್ರೇರಣೆಯಿಂದ ಕಟ್ಟಿದ್ದು. ಅದರಲ್ಲಿ ಪಿರಮಿಡ್ ಇಂಚು ಅನ್ನುವ ಒಂದು ಅಳತೆ ಅಡಗಿದೆ, ಅದು ಬ್ರಿಟಿಷ್ ಇಂಚಿಗಿಂತ ಸಾವಿರದಲ್ಲಿ ಒಂದು ಭಾಗದಷ್ಟೇ ದೊಡ್ಡದು. ಅಂಥ 25 ಇಂಚು ಸೇರಿದರೆ ಒಂದು ಪವಿತ್ರ ಮೊಳ. ಪಿರಮಿಡ್ಡಿನ ಒಂದು ಬದಿಯ ಉದ್ದ ಎಷ್ಟು ಮೊಳ ಗೊತ್ತಾ? 365.242. ಅಂದರೆ ಒಂದು ವರ್ಷದ ದಿನಗಳು, ದಶಮಾಂಶ ಸಮೇತ.

ಈಗ ವಾಟ್ಸಾಪಲ್ಲಿ ಬರುವ ಫಾರ್ವರ್ಡುಗಳ ಥರ ಕೇಳಿಸುತ್ತೆ, ನಿಜ. ಆದರೆ ಹೇಳಿದವನು ಸಾಮಾನ್ಯನಲ್ಲ, ಸ್ವತಃ ಗೀಜಾಕ್ಕೆ ಹೋಗಿ ಅಳತೆ ಮಾಡಿ ಬಂದ ಖಗೋಳಜ್ಞ. ಪೆಟ್ರಿ ಮನೆಯವರು ಬಹಳ ದೈವಭಕ್ತರು. ಅಪ್ಪನಿಗೆ ಈ ಸಿದ್ಧಾಂತ ಮನಸ್ಸಿಗೆ ಹಿಡಿದುಬಿಟ್ಟಿತು. ವಿಜ್ಞಾನವೂ ಉಳಿಯಿತು, ದೇವರೂ ಉಳಿದ. ಒಂದೇ ಕೊರತೆ ಇತ್ತು. ಒಬ್ಬೊಬ್ಬರ ಅಳತೆ ಒಂದೊಂದು ಥರ ಬರುತ್ತಿತ್ತು. ಯಾರಾದರೂ ಹೋಗಿ ಸರಿಯಾಗಿ ಅಳೆದು ಬಂದರೆ ಅನುಮಾನಕ್ಕೇ ಜಾಗವಿರುವುದಿಲ್ಲ. ನಾವೇ ಹೋಗೋಣ ಅಂತ ಅಪ್ಪ ಮಗ ನಿರ್ಧರಿಸಿದರು.

ಪ್ಲಾನ್ ಶುರುವಾಯಿತು, ಮುಗಿಯಲೇ ಇಲ್ಲ. ಅಪ್ಪನಿಗೆ ಎಲ್ಲವೂ ಪರ್ಫೆಕ್ಟ್ ಆಗಬೇಕು. ಉಪಕರಣ ಇನ್ನೂ ಸುಧಾರಿಸಬೇಕು, ಟೇಪು ಹಿಡಿಯುವ ವಿಧಾನ ಇನ್ನೊಂದು ಸಲ ಯೋಚಿಸಬೇಕು. ವರ್ಷದ ಮೇಲೆ ವರ್ಷ ಹೋಯಿತು. ಕೊನೆಗೆ 1880ರ ಕೊನೆಯಲ್ಲಿ, 27 ವರ್ಷದ ಮಗ ಪೆಟ್ಟಿಗೆಗಳನ್ನು ಕಟ್ಟಿಕೊಂಡು ಒಬ್ಬನೇ ಹಡಗು ಹತ್ತಿದ. ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಉಪಕರಣವೇ ಜಾಸ್ತಿ. ಅದರಲ್ಲಿ ಹತ್ತು ಇಂಚಿನ ವೃತ್ತದ ಒಂದು ದೊಡ್ಡ ಥಿಯೋಡಲೈಟು, ಸ್ಟೀಲ್ ಟೇಪು, ಸರಪಳಿ. ಅಪ್ಪ ಹಿಂದಿನಿಂದ ಬರುತ್ತಾನೆ ಅನ್ನುವ ಮಾತಿತ್ತು. ಅಪ್ಪ ಕೊನೆಗೂ ಬರಲಿಲ್ಲ.

ಗೀಜಾದಲ್ಲಿ ಹೋಟೆಲು ಗೀಟೆಲು ಇಲ್ಲ. ಬಂಡೆ ಕೊರೆದು ಮಾಡಿದ ಒಂದು ಪುರಾತನ ಗೋರಿಗೆ ಬಾಗಿಲು, ಮುಚ್ಚುಹಲಗೆ ಹಾಕಿಸಿ ಅದರಲ್ಲೇ ವಾಸ. ಊಟಕ್ಕೆ ಹಡಗಿನವರು ತಿನ್ನುವ ಗಟ್ಟಿ ಬಿಸ್ಕತ್ತು, ಡಬ್ಬಿಯಲ್ಲಿ ಬರುವ ಸೂಪು. ಸಹಾಯಕ್ಕೆ ಸಿಕ್ಕವನು ಅಲಿ ಗಾಬ್ರಿ ಅನ್ನುವ ಸ್ಥಳೀಯ. 1837ರಲ್ಲಿ ಇನ್ನೊಬ್ಬ ಇಂಗ್ಲಿಷಿನವನು ಪಿರಮಿಡ್ ಕೆದಕುತ್ತಿದ್ದಾಗ ಬುಟ್ಟಿ ಹೊರುವ ಹುಡುಗನಾಗಿ ಬಂದವನು ಅವನು. ಸ್ಮಿತ್ ಜೊತೆಗೂ ಕೆಲಸ ಮಾಡಿದ್ದ. ಪಿರಮಿಡ್ ಅಳೆಯಲು ಬಂದವರನ್ನೆಲ್ಲ ನೋಡಿ ನೋಡಿ ಅಭ್ಯಾಸವಾದವನು. ಪೆಟ್ರಿ ಗೆದ್ದದ್ದರಲ್ಲಿ ಈ ಮನುಷ್ಯನ ಪಾಲೂ ದೊಡ್ಡದು.

ಪಿರಮಿಡ್ ಒಳಗೆ ಸೆಕೆ, ಧೂಳು. ಹಗಲಿಡೀ ಟೂರಿಸ್ಟುಗಳ ಕಾಟ ಬೇರೆ. ಆದ್ದರಿಂದ ಒಳಗಿನ ಅಳತೆಯನ್ನು ಸಂಜೆ ಮೇಲೆ, ರಾತ್ರಿ ಹೊತ್ತಲ್ಲಿ, ಮೈಮೇಲೆ ಬಟ್ಟೆಯೇ ಇಲ್ಲದೆ ಮಾಡುತ್ತಿದ್ದ. ಹೊರಗೆ ಕೆಲಸ ಮಾಡುವಾಗ ಒಮ್ಮೊಮ್ಮೆ ಬರೀ ಬನಿಯನ್ನು, ಒಳಚಲ್ಲಣ, ಎರಡೂ ಗುಲಾಬಿ ಬಣ್ಣ. ಆ ವೇಷ ಕಂಡ ಟೂರಿಸ್ಟುಗಳು ಇವನ್ಯಾರೋ ತಲೆಕೆಟ್ಟವನು ಅಂತ ದೂರ ಸರಿಯುತ್ತಿದ್ದರು. ಅವನಿಗೆ ಬೇಕಾಗಿದ್ದೂ ಅದೇ.

ಈಗ ಸರ್ವೆ ವಿಷಯಕ್ಕೆ ಬರೋಣ. ಸಿವಿಲ್ ಅಲ್ಲದವರು ಎರಡು ಪ್ಯಾರಾ ಸಹಿಸಿಕೊಳ್ಳಿ. ಪಿರಮಿಡ್ಡಿನ ಬುಡವನ್ನು ನೇರವಾಗಿ ಟೇಪು ಹಿಡಿದು ಅಳೆಯಲು ಆಗುವುದೇ ಇಲ್ಲ. ಹೊರಮೈಗೆ ಹೊದಿಸಿದ್ದ ನುಣುಪು ಸುಣ್ಣಕಲ್ಲನ್ನು ಮಧ್ಯಯುಗದಲ್ಲೇ ಕಿತ್ತು ಕೈರೋದ ಕಟ್ಟಡಗಳಿಗೆ ಬಳಸಿದ್ದರು. ಬುಡದಲ್ಲಿ ಗುಡ್ಡದ ಹಾಗೆ ಕಲ್ಲುಪುಡಿ. ಹಿಂದಿನವರು ನಾಲ್ಕು ಮೂಲೆಗಳಲ್ಲಿ ಬಂಡೆಯಲ್ಲಿ ಕೊರೆದಿದ್ದ ಗುಳಿಗಳನ್ನು ಹುಡುಕಿ, ಅವುಗಳ ನಡುವಿನ ದೂರವನ್ನೇ ಬುಡದ ಉದ್ದ ಅಂತ ಬರೆದುಕೊಂಡಿದ್ದರು. ಪೆಟ್ರಿ ಹಾಗೆ ಮಾಡಲಿಲ್ಲ. ಮೂರೂ ಪಿರಮಿಡ್ ಸೇರುವಂತೆ ಇಡೀ ಬಯಲಿಗೆ ತ್ರಿಭುಜಗಳ ಜಾಲ ಹಾಕಿದ. ಒಂದೊಂದು ಸ್ಟೇಷನ್ನಿನಿಂದಲೂ ಕೋನಗಳನ್ನು ಮತ್ತೆ ಮತ್ತೆ ಓದಿದ. ತಪ್ಪು ಎಷ್ಟಿರಬಹುದು ಅನ್ನುವುದನ್ನೂ ಲೆಕ್ಕ ಹಾಕಿ ಬರೆದಿಟ್ಟ. ನಮ್ಮ ಕ್ಯಾಂಪಸ್ಸಿನಲ್ಲಿ ಟ್ರಾವರ್ಸ್ ಮಾಡಿ ಕ್ಲೋಸಿಂಗ್ ಎರರ್ ನೋಡಿ ಗಾಬರಿಯಾದವರಿಗೆ ಇದರ ಬೆಲೆ ಗೊತ್ತಾಗುತ್ತೆ.

ಆಮೇಲೆ ಕಲ್ಲುಪುಡಿ ಅಗೆಸಿ, ಬದಿಗಳ ನಡುಭಾಗದಲ್ಲಿ ಇನ್ನೂ ಉಳಿದಿದ್ದ ಹೊದಿಕೆ ಕಲ್ಲುಗಳನ್ನು ಹುಡುಕಿಸಿದ. ಅಲ್ಲಿ ಗೊತ್ತಾಯಿತು, ಮೂಲೆಯ ಗುಳಿಗಳು ನೆಲಹಾಸಿನ ಮಟ್ಟಕ್ಕಿಂತ ಕೆಳಗಿವೆ ಅಂತ. ಇಳಿಜಾರಿನ ಮುಖ ಕೆಳಗೆ ಹೋದಷ್ಟೂ ಹೊರಗೆ ಹೋಗುತ್ತೆ, ಆದ್ದರಿಂದ ಗುಳಿಯಿಂದ ಗುಳಿಗೆ ಅಳೆದರೆ ಉದ್ದ ಜಾಸ್ತಿ ಬರುತ್ತೆ. ನಿಜವಾದ ಬುಡ ನೆಲಹಾಸಿನ ಮಟ್ಟದ್ದು. ಎರಡು ಚಳಿಗಾಲ ಕೆಲಸ ಮಾಡಿ ಅವನು ಕೊಟ್ಟ ಸರಾಸರಿ 9068.8 ಇಂಚು, ಸುಮಾರು 230.35 ಮೀಟರ್. 1925ರಲ್ಲಿ ಈಜಿಪ್ಟ್ ಸರ್ಕಾರದ ಸರ್ವೆ ಮತ್ತೆ ಅಳೆದಾಗ ನಾಲ್ಕು ಬದಿಗಳ ಸರಾಸರಿ ಸುಮಾರು 230.36 ಮೀಟರ್ ಬಂತು. ವ್ಯತ್ಯಾಸ ಎರಡು ಸೆಂಟಿಮೀಟರೂ ಇಲ್ಲ!

ಸ್ಮಿತ್ ಸಿದ್ಧಾಂತಕ್ಕೆ ಬೇಕಾಗಿದ್ದದ್ದು ಸುಮಾರು 9140 ಇಂಚು. ಸಿಕ್ಕಿದ್ದು 9069. ಎಪ್ಪತ್ತೊಂದು ಇಂಚು ಕಡಿಮೆ, ಅಂದರೆ 1.8 ಮೀಟರ್. ಇಷ್ಟು ಅಚ್ಚುಕಟ್ಟಾಗಿ ಕಟ್ಟಿದ ಕಟ್ಟಡದಲ್ಲಿ, ಇಷ್ಟು ಎಚ್ಚರದಿಂದ ಮಾಡಿದ ಸರ್ವೆಯಲ್ಲಿ, ಅದು ಮಾಫಿ ಮಾಡುವ ತಪ್ಪಲ್ಲ. ವರ್ಷದ ದಿನಗಳೂ ಇಲ್ಲ, ಪವಿತ್ರ ಮೊಳವೂ ಇಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಜಾಗ. ನಾವು ಫಿಸಿಕ್ಸ್ ಲ್ಯಾಬಲ್ಲಿ ಏನು ಮಾಡ್ತೀವಿ ಅಂತ ನಮಗೆಲ್ಲ ಗೊತ್ತು. ಉತ್ತರ 9.8 ಬರಬೇಕು ಅಂತ ಮೊದಲೇ ಗೊತ್ತಿರುತ್ತೆ, ರೀಡಿಂಗು ಹಿಂದಿನಿಂದ ಮುಂದಕ್ಕೆ ಬರೆಯುತ್ತೀವಿ. ಅಲ್ಲಿ ಹೋಗೋದು ಹೆಚ್ಚೆಂದರೆ ಎರಡು ಮಾರ್ಕು. ಪೆಟ್ರಿಗೆ ಹಾಗಲ್ಲ. ಹದಿಮೂರರಿಂದ ನಂಬಿಕೊಂಡು ಬಂದದ್ದು, ಅಪ್ಪ ಭಕ್ತಿಯಿಂದ ಹಿಡಿದುಕೊಂಡದ್ದು, ಅಪ್ಪನೇ ಕೂತು ಯೋಚಿಸಿ ಕಟ್ಟಿಕೊಟ್ಟ ಉಪಕರಣ. ಅದೇ ಉಪಕರಣ ಹಿಡಿದು ಅಪ್ಪನ ನಂಬಿಕೆಯನ್ನು ಸುಳ್ಳು ಅಂತ ತೋರಿಸುವ ಅಂಕಿ ಬಂತು. ಗುಳಿಗಳ ಅಳತೆ ತೋರಿಸಿ ಅಷ್ಟಿಷ್ಟು ಹೊಂದಿಸಿ ತೇಪೆ ಹಾಕಬಹುದಿತ್ತು. ಹಾಕಲಿಲ್ಲ. 1883ರಲ್ಲಿ ಪುಸ್ತಕ ಬಂತು, ರಾಯಲ್ ಸೊಸೈಟಿ ಅಚ್ಚಿಗೆ 100 ಪೌಂಡ್ ಕೊಟ್ಟಿತು. ಒಳಗೆ ಎಲ್ಲ ಕೋಷ್ಟಕಗಳೂ ಇದ್ದವು, ಯಾರು ಬೇಕಾದರೂ ಕೂತು ಲೆಕ್ಕ ತಾಳೆ ನೋಡಬಹುದು.

ಆ ಎರಡು ಚಳಿಗಾಲದಲ್ಲಿ ಇನ್ನೊಂದನ್ನೂ ನೋಡಿದ್ದ. ಈಜಿಪ್ಟಿನಲ್ಲಿ ಅಗೆಯುವವರು ಪ್ರತಿಮೆ, ಚಿನ್ನ, ಬರಹ ಸಿಕ್ಕರೆ ಎತ್ತಿಕೊಳ್ಳುತ್ತಿದ್ದರು, ಉಳಿದದ್ದನ್ನೆಲ್ಲ ತಿಪ್ಪೆಗೆ ಎಸೆಯುತ್ತಿದ್ದರು. ಬೆಂಕಿ ಬಿದ್ದ ಮನೆಯ ಹಾಗೆ ಕಂಡಿತು ಅವನಿಗೆ ಆ ದೇಶ. ಆ ಹೊತ್ತಿಗೆ ಲಂಡನ್ನಿನಲ್ಲಿ ಅಮೇಲಿಯಾ ಎಡ್ವರ್ಡ್ಸ್ ಅನ್ನುವ ಕಾದಂಬರಿಗಾರ್ತಿ, ನೈಲ್ ನದಿಯಲ್ಲಿ ಪ್ರವಾಸ ಮಾಡಿ ಬಂದವಳು, 1882ರಲ್ಲಿ ಈಜಿಪ್ಟ್ ಉತ್ಖನನಕ್ಕೆ ಒಂದು ನಿಧಿ ಸ್ಥಾಪಿಸಿದ್ದಳು. ಆ ನಿಧಿಯ ಪರವಾಗಿ ಪೆಟ್ರಿ ಟಾನಿಸ್‌ಗೆ ಹೋದ, ಮರುವರ್ಷ ಗ್ರೀಕ್ ವ್ಯಾಪಾರಿಗಳ ಊರಾದ ನೌಕ್ರಾಟಿಸ್ ಹುಡುಕಿದ. ಆಮೇಲೆ ನಿಧಿಯವರ ಜೊತೆ ಜಗಳವಾಗಿ ಬಿಟ್ಟ, ಮತ್ತೆ ಸೇರಿದ, ಮತ್ತೆ ಬಿಟ್ಟ. ಸುಲಭದ ಮನುಷ್ಯನಲ್ಲ.

ಅಲ್ಲಿಂದ ಮುಂದೆ ಹೆಚ್ಚುಕಡಿಮೆ ನಲವತ್ತು ವರ್ಷ ಅವನ ವರ್ಷ ಒಂದೇ ತಾಳದಲ್ಲಿ ನಡೆಯಿತು. ಚಳಿಗಾಲ ಈಜಿಪ್ಟಿನಲ್ಲಿ ಅಗೆತ, ಬೇಸಿಗೆ ಲಂಡನ್ನಿನಲ್ಲಿ ಪ್ರದರ್ಶನ ಮತ್ತು ಪುಸ್ತಕ. ನಾವು ಬೇಸಿಗೆ ರಜೆಯ ಲೆಕ್ಕದಲ್ಲಿ ಯೋಚಿಸುತ್ತೀವಿ, ಈಜಿಪ್ಟಿನ ಬೇಸಿಗೆಯಲ್ಲಿ ಅಗೆಯಲು ಹೋದರೆ ಅಗೆಯುವವನೇ ಮಮ್ಮಿ ಆಗಿಬಿಡುತ್ತಾನೆ. ಆ ವರ್ಷದ ಅಗೆತದ ವರದಿ ಆ ವರ್ಷವೇ ಅಚ್ಚಾಗಬೇಕು ಅನ್ನುವುದು ಅವನ ಹಟ. ವರದಿ ಬರೆಯದ ಅಗೆತ ಅವನ ಪ್ರಕಾರ ಬರೀ ಹಾಳುಮಾಡೋದು. 1904ರಲ್ಲಿ ಉತ್ಖನನ ಮಾಡೋದು ಹೇಗೆ ಅಂತಲೇ ಒಂದು ಪುಸ್ತಕ ಬರೆದ. ಕೂಲಿಯವರು, ದಾಖಲೆ, ಫೋಟೋ, ಪ್ಯಾಕಿಂಗು ಎಲ್ಲಕ್ಕೂ ಒಂದೊಂದು ಅಧ್ಯಾಯ, ನೀತಿಗೂ ಒಂದು.

ಅವನ ಕ್ಯಾಂಪಿನ ಊಟದ ಬಗ್ಗೆ ಬಹಳ ಕಥೆಗಳಿವೆ. ಸೀಸನ್ ಮುಗಿದಾಗ ಉಳಿದ ಡಬ್ಬಿಗಳನ್ನು ಮಣ್ಣಲ್ಲಿ ಹೂತಿಟ್ಟು, ಮುಂದಿನ ವರ್ಷ ಅಗೆದು ತೆಗೆದು, ಗೋಡೆಗೆ ಎಸೆದು ನೋಡುತ್ತಿದ್ದರಂತೆ. ಸಿಡಿಯದಿದ್ದರೆ ತಿನ್ನಬಹುದು ಅಂತ ಅರ್ಥ. ಎಷ್ಟು ನಿಜವೋ, ಹಾಸ್ಟೆಲ್ ಮೆಸ್ಸನ್ನು ಬೈಯುವವರು ಒಮ್ಮೆ ಯೋಚಿಸಿ. 1912ರಲ್ಲಿ ಕೆಲವು ವಾರ ಅವನ ಕ್ಯಾಂಪಿನಲ್ಲಿ ಕೆಲಸ ಕಲಿತವರಲ್ಲಿ ಮುಂದೆ ಲಾರೆನ್ಸ್ ಆಫ್ ಅರೇಬಿಯಾ ಅಂತ ಹೆಸರಾದ ಲಾರೆನ್ಸ್ ಕೂಡ ಒಬ್ಬ. ಅದಕ್ಕೂ ಇಪ್ಪತ್ತು ವರ್ಷ ಮುಂಚೆ, 1892ರಲ್ಲಿ, ಅಮಾರ್ನಾದಲ್ಲಿ ಹದಿನೇಳು ವರ್ಷದ ಒಬ್ಬ ಚಿತ್ರಕಾರ ಹುಡುಗ ಬಂದು ಸೇರಿದ. ಪೆಟ್ರಿ ಅವನಿಗೆ ಮಣ್ಣಿನ ಇಟ್ಟಿಗೆಯಲ್ಲಿ ತನ್ನ ಗುಡಿಸಲು ತಾನೇ ಕಟ್ಟಿಕೊಳ್ಳುವಂತೆ ಹೇಳಿದ. ಆ ಹುಡುಗ ಹಾವರ್ಡ್ ಕಾರ್ಟರ್. ಮೂವತ್ತು ವರ್ಷದ ಮೇಲೆ ಟುಟಾಂಖಮುನ್ ಗೋರಿ ಹುಡುಕಿದವನು.

ಅದೇ ಅಮಾರ್ನಾದಲ್ಲಿ ಪೆಟ್ರಿಗೆ ಬಣ್ಣದ ಚಿತ್ರಗಳಿದ್ದ ಅರಮನೆಯ ನೆಲ ಸಿಕ್ಕಿತು. ಮುಟ್ಟಿದರೆ ಪುಡಿಯಾಗುವ ಗಾರೆ. ಟೆಪಿಯೋಕಾ, ಅಂದರೆ ನಮ್ಮ ಸಬ್ಬಕ್ಕಿ ಮಾಡುವ ಹಿಟ್ಟೇ, ಅದನ್ನು ತೆಳ್ಳಗೆ ಗಂಜಿ ಮಾಡಿ, ಬ್ರಷ್ ತಾಗಿದರೂ ಬಣ್ಣ ಏಳುತ್ತೆ ಅಂತ ಬೆರಳಿನ ತುದಿಯಿಂದಲೇ ಇಡೀ ನೆಲಕ್ಕೆ ಸವರಿದ. ಇಪ್ಪತ್ತು ವರ್ಷದ ಮೇಲೆ, 1912ರಲ್ಲಿ, ನೋಡಲು ಬರುವವರು ಬೆಳೆ ತುಳಿಯುತ್ತಾರೆ ಅನ್ನುವ ಸಿಟ್ಟಿಗೆ ಯಾರೋ ರೈತ ಆ ನೆಲವನ್ನು ಒಡೆದುಹಾಕಿದ. ಉಳಿದದ್ದು ಕೆಲವು ತುಂಡು, ಜೊತೆಗೆ ಪೆಟ್ರಿ ಮಾಡಿಟ್ಟ ಚಿತ್ರದ ಪ್ರತಿಗಳು.

ಕೆಲಸಗಾರರ ವಿಷಯದಲ್ಲಿ ಅವನ ನಿಯಮ ನೇರ. ಸಿಕ್ಕ ವಸ್ತುವಿಗೆ ಹೊರಗಿನ ವ್ಯಾಪಾರಿ ಎಷ್ಟು ಕೊಡುತ್ತಾನೋ ಅಷ್ಟನ್ನು ಕೂಲಿಯ ಮೇಲೆ ಬಕ್ಷೀಸು ಅಂತ ತಾನೇ ಕೊಡೋದು. ಪದವೂ ಅದೇ, ನಮ್ಮ ಬಕ್ಷೀಸೇ. ಹಾಗಾಗಿ ಕದ್ದು ಮಾರುವ ಆಸೆ ಕಡಿಮೆ, ಸಣ್ಣ ಮಣಿಯೂ ಅವನ ಕೈಗೇ ಬರುತ್ತಿತ್ತು. 1893ರಲ್ಲಿ ಕಿಫ್ಟ್ ಅನ್ನುವ ಊರಲ್ಲಿ ಅಗೆದಾಗ ಅಲ್ಲಿಯ ಜನಕ್ಕೆ ಕೆಲಸ ಕಲಿಸಿದ. ಅವರು ಮುಂದೆ ಅವನ ಜೊತೆಗೇ ಊರಿಂದ ಊರಿಗೆ ಹೋದರು, ಆಮೇಲೆ ಬೇರೆಯವರ ಉತ್ಖನನಗಳಿಗೂ. ಈಜಿಪ್ಟಿನಲ್ಲಿ ನುರಿತ ಅಗೆತದ ಮೇಸ್ತ್ರಿಗೆ ಕುಫ್ತಿ ಅನ್ನುವ ಹೆಸರು ಬಂದದ್ದೇ ಆ ಊರಿಂದ, ಇವತ್ತಿಗೂ ಅದೇ ಹೆಸರು. ಪುಸ್ತಕಗಳ ಬೆನ್ನಿನ ಮೇಲೆ ಇರೋದು ಮಾತ್ರ ಪೆಟ್ರಿ ಹೆಸರು.

1892ರಲ್ಲಿ ಅಮೇಲಿಯಾ ಎಡ್ವರ್ಡ್ಸ್ ತೀರಿಕೊಂಡಳು. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನಲ್ಲಿ ಈಜಿಪ್ಟ್ ಅಧ್ಯಯನಕ್ಕೆ ಒಂದು ಪ್ರೊಫೆಸರ್ ಹುದ್ದೆ ಇಡಲು ಉಯಿಲಲ್ಲಿ ಹಣ ಬಿಟ್ಟಿದ್ದಳು, ಮನಸ್ಸಿನಲ್ಲಿದ್ದದ್ದು ಪೆಟ್ರಿಯೇ. ಡಿಗ್ರಿಯೇ ಇಲ್ಲದ 39 ವರ್ಷದವನು ಪ್ರೊಫೆಸರಾದ, 1933ರವರೆಗೂ ಇದ್ದ. 1896ರಲ್ಲಿ ಹಿಲ್ಡಾ ಅರ್ಲಿನ್ ಜೊತೆ ಮದುವೆ. ಆಕೆ ಚಿತ್ರ ಬರೆಯುವವಳು. ಹಗ್ಗದ ಏಣಿ ಇಳಿದು ಗೋರಿಗಳ ಬರಹ ನಕಲು ಮಾಡಿದಳು, ಕ್ಯಾಂಪಿನ ಲೆಕ್ಕಪತ್ರ ನೋಡಿದಳು, ಲಂಡನ್ನಿನಲ್ಲಿ ಉತ್ಖನನಕ್ಕೆ ಚಂದಾ ಎತ್ತಿದಳು. ಅವರ ಮಗ ಜಾನ್ ಗಣಿತದವನು, ಜ್ಯಾಮಿತಿಯ ಪೆಟ್ರಿ ಪಾಲಿಗನ್ ಅವನ ಹೆಸರಿನದು.

ಈಗ ನನಗೆ ಪಿರಮಿಡ್ಡಿಗಿಂತ ಹೆಚ್ಚು ಇಷ್ಟವಾದ ಭಾಗ. 1894-95ರ ಚಳಿಗಾಲದಲ್ಲಿ ನಕಾಡಾ ಅನ್ನುವಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗೋರಿಗಳು ಸಿಕ್ಕವು. ಬರಹ ಇಲ್ಲ, ರಾಜರ ಹೆಸರಿಲ್ಲ. ಇದ್ದದ್ದು ಮಡಕೆಗಳು. ಈಜಿಪ್ಟಿನಲ್ಲಿ ಅದುವರೆಗೆ ಕಂಡಂಥವಲ್ಲ. ಇದು ಹೊರಗಿನಿಂದ ಬಂದ ಹೊಸ ಜನಾಂಗ ಅಂತ ಪೆಟ್ರಿ ಘೋಷಿಸಿದ. ಅದು ತಪ್ಪಾಗಿತ್ತು. ಫ್ರೆಂಚಿನವನಾದ ಜಾಕ್ ದ ಮೊರ್ಗಾನ್, ಇವರು ಹೊರಗಿನವರಲ್ಲ, ರಾಜವಂಶಗಳಿಗಿಂತ ಮುಂಚಿನ ಈಜಿಪ್ಟಿನವರೇ ಅಂತ ತೋರಿಸಿದ. ಪೆಟ್ರಿ ಸ್ವಲ್ಪ ಕಾಲ ಒಪ್ಪಲಿಲ್ಲ, ಆಮೇಲೆ ಒಪ್ಪಿದ. ಒಪ್ಪಿದ ಮೇಲೆ ಇನ್ನೊಂದು ಪ್ರಶ್ನೆ ಹುಟ್ಟಿತು. ತಾರೀಖೇ ಇಲ್ಲದ ಈ ಗೋರಿಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ?

ಅವನು ಮಾಡಿದ್ದು ಇಷ್ಟು. ಮಡಕೆಗಳನ್ನು ಆಕಾರದ ಪ್ರಕಾರ ಗುಂಪು ಮಾಡಿ ಒಂದೊಂದಕ್ಕೂ ಒಂದು ಗುರುತು ಕೊಟ್ಟ. ನಕಾಡಾ ಮತ್ತು ಸುತ್ತಿನ ಜಾಗಗಳಿಂದ ಸುಮಾರು 900 ಗೋರಿಗಳನ್ನು ಆರಿಸಿಕೊಂಡು, ಒಂದೊಂದು ಗೋರಿಗೆ ಒಂದೊಂದು ರಟ್ಟಿನ ಪಟ್ಟಿ ಕತ್ತರಿಸಿ, ಆ ಗೋರಿಯಲ್ಲಿ ಸಿಕ್ಕ ಮಡಕೆಗಳ ಗುರುತನ್ನೆಲ್ಲ ಅದರ ಮೇಲೆ ಬರೆದ. ಆಮೇಲೆ ಪಟ್ಟಿಗಳನ್ನು ಸಾಲಾಗಿ ಇಟ್ಟು ಅದಲು ಬದಲು ಮಾಡುತ್ತಾ ಹೋದ, ಒಂದೇ ಥರದ ಮಡಕೆ ಇರುವ ಪಟ್ಟಿಗಳು ಹತ್ತಿರ ಹತ್ತಿರ ಬರುವ ತನಕ. ಫ್ಯಾಷನ್ ಅನ್ನೋದು ಬರುತ್ತೆ, ಹೆಚ್ಚಾಗುತ್ತೆ, ಹೋಗುತ್ತೆ. ಹೋದದ್ದು ಸಾಲಿನ ನಡುವೆ ಮತ್ತೆ ಮತ್ತೆ ತಲೆ ಎತ್ತಬಾರದು. ಅಷ್ಟೇ ತರ್ಕ.

ಸಾಲು ಸಿಕ್ಕಿದರೂ ಯಾವ ತುದಿ ಹಳೆಯದು ಅಂತ ಗೊತ್ತಾಗಬೇಕಲ್ಲ. ಅದಕ್ಕೊಂದು ಜಾತಿಯ ಮಡಕೆ ಸಹಾಯ ಮಾಡಿತು. ಒಂದು ತುದಿಯಲ್ಲಿ ಅದು ದುಂಡು ಮಡಕೆ, ಎತ್ತಲು ಅನುಕೂಲವಾಗುವ ಅಲೆಯಾಕಾರದ ಹಿಡಿ ಎರಡು ಕಡೆ. ಸಾಲಿನಲ್ಲಿ ಮುಂದೆ ಹೋದ ಹಾಗೆ ಮಡಕೆ ಸಣ್ಣಗಾಗಿ ಕೊಳವೆಯಾಗುತ್ತೆ, ಹಿಡಿ ಕುಗ್ಗುತ್ತಾ ಕುಗ್ಗುತ್ತಾ ಕೊನೆಗೆ ಬರೀ ಒಂದು ಅಲೆಯ ಗೆರೆ. ಎತ್ತಲು ಬಾರದ ಹಿಡಿಯನ್ನು ಯಾರೂ ಮೊದಲು ಕಂಡುಹಿಡಿಯುವುದಿಲ್ಲ, ಬಳಸುವ ಹಿಡಿಯೇ ಅಲಂಕಾರವಾಗಿ ಉಳಿಯೋದು. ನಮ್ಮ ಕಂಪ್ಯೂಟರಲ್ಲಿ ಸೇವ್ ಬಟನ್ನಿಗೆ ಇವತ್ತಿಗೂ ಫ್ಲಾಪಿ ಡಿಸ್ಕಿನ ಚಿತ್ರ ಇದೆಯಲ್ಲ, ಹಾಗೆ. ನಮ್ಮಲ್ಲಿ ಎಷ್ಟು ಜನ ಫ್ಲಾಪಿ ನೋಡಿದ್ದೀವಿ?

ಹೀಗೆ ಸಿಕ್ಕ ಸಾಲಿಗೆ 30ರಿಂದ 80ರವರೆಗೆ ಅಂಕಿ ಕೊಟ್ಟ. ಒಂದರಿಂದ ಶುರು ಮಾಡಲಿಲ್ಲ. ನಾಳೆ ಇನ್ನೂ ಹಳೆಯದು ಸಿಕ್ಕರೆ ಅದಕ್ಕೆ ಜಾಗ ಇರಲಿ ಅಂತ. ನಿಜವಾಗಿಯೂ ಸಿಕ್ಕಿತು. 1899ರಲ್ಲಿ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ, ಮೇಜಿನ ಮೇಲೆ ರಟ್ಟು ಹರಡಿಕೊಂಡು ಮಾಡಿದ್ದು ಇದು. 1960ರ ದಶಕದಲ್ಲಿ ಡೇವಿಡ್ ಕೆಂಡಾಲ್ ಅನ್ನುವ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಇದನ್ನು ಮ್ಯಾಟ್ರಿಕ್ಸ್ ಸಮಸ್ಯೆಯಾಗಿ ಬರೆದ. 19ನೇ ಶತಮಾನದ ದೊಡ್ಡ ಅನ್ವಯಿಕ ಗಣಿತಜ್ಞರ ಸಾಲಿನಲ್ಲಿ ಪೆಟ್ರಿಯನ್ನೂ ಕೂರಿಸಬೇಕು ಅನ್ನುವುದು ಅವನ ಅಭಿಪ್ರಾಯ. ಡೇಟಾ ಸೈನ್ಸ್ ಎಲೆಕ್ಟಿವ್ ತಗೊಂಡವರು ಸೀರಿಯೇಷನ್ ಅಂತ ಹುಡುಕಿ ನೋಡಿ.

1903ರಲ್ಲಿ ಅಬಿಡೋಸ್‌ನಲ್ಲಿ ದಂತದ ಒಂದು ಪುಟಾಣಿ ಕೂತ ಬೊಂಬೆ ಸಿಕ್ಕಿತು, ತಲೆ ಇಲ್ಲ. ಪೀಠದ ಮೇಲೆ ಕೆತ್ತಿದ್ದ ಹೆಸರು ಖುಫು. ಅಂದರೆ ಪೆಟ್ರಿ ಎರಡು ಚಳಿಗಾಲ ಅಳೆದನಲ್ಲ, ಆ ಪಿರಮಿಡ್ ಕಟ್ಟಿಸಿದವನು. ಮುರಿದ ಜಾಗ ಹೊಸದಾಗಿ ಕಾಣುತ್ತಿತ್ತು, ಅಂದರೆ ತಲೆ ಅಲ್ಲೇ ಎಲ್ಲೋ ಅಗೆದ ಮಣ್ಣಿನ ರಾಶಿಯಲ್ಲಿರಬೇಕು. ಬಕ್ಷೀಸು ಘೋಷಿಸಿ, ಮೂರು ವಾರ ಮಣ್ಣು ಜರಡಿ ಹಿಡಿಸಿದ. ಸಿಕ್ಕಿತು. ಬೊಂಬೆಯ ಎತ್ತರ ಎಲ್ಲ ಸೇರಿ ಏಳೂವರೆ ಸೆಂಟಿಮೀಟರ್. ಅಷ್ಟು ದೊಡ್ಡ ಪಿರಮಿಡ್ ಕಟ್ಟಿಸಿದವನ ಹೆಸರಿರುವ ಪೂರ್ತಿ ಬೊಂಬೆ ಅದೊಂದೇ, ಈಗ ಈಜಿಪ್ಟಿನಲ್ಲೇ ಇದೆ.

ಇಲ್ಲಿಗೆ ಬಿಟ್ಟುಬಿಟ್ಟರೆ ಕಥೆ ಚೆಂದ. ಆದರೆ ಇನ್ನೊಂದು ಮುಖ ಇದೆ, ಅದನ್ನು ಓದಿದಾಗ ನನಗೆ ಬೇಜಾರಾಯಿತು. ಪೆಟ್ರಿ ಮಡಕೆಗಳನ್ನು ಅಳೆದ ಹಾಗೆಯೇ ಮನುಷ್ಯರನ್ನೂ ಅಳೆದ. ಯೂಜೆನಿಕ್ಸ್ ಅನ್ನುವ, ಒಳ್ಳೆ ತಳಿ ಕೆಟ್ಟ ತಳಿ ಅಂತ ಮನುಷ್ಯರನ್ನು ವಿಂಗಡಿಸುವ ವಾದ ಹುಟ್ಟುಹಾಕಿದ ಫ್ರಾನ್ಸಿಸ್ ಗಾಲ್ಟನ್‌ಗೆ ಅವನು ಹತ್ತಿರದವನು. 1886-87ರಲ್ಲಿ ಈಜಿಪ್ಟಿನ ಗೋಡೆಗಳ ಮೇಲಿನ ಬೇರೆ ಬೇರೆ ಜನಗಳ ಮುಖಗಳನ್ನು ಜನಾಂಗದ ಅಧ್ಯಯನಕ್ಕೆ ಅಂತ ಫೋಟೋ ತೆಗೆದ. ನಕಾಡಾದ ತಲೆಬುರುಡೆಗಳು ಲಂಡನ್ನಿಗೆ, ಕಾರ್ಲ್ ಪಿಯರ್ಸನ್ ಬಳಗದ ಕೈಗೆ ಅಳತೆಗೆ ಹೋದವು. ಹೌದು, ಕೋರಿಲೇಷನ್ ಕೋಎಫಿಷಿಯೆಂಟಿನ ಪಿಯರ್ಸನ್ನೇ. ಈಜಿಪ್ಟಿನ ನಾಗರಿಕತೆಯನ್ನು ಹೊರಗಿನಿಂದ ಬಂದ ಶ್ರೇಷ್ಠ ಜನಾಂಗವೇ ತಂದದ್ದು ಅನ್ನುವ ವಾದವನ್ನು ಪೆಟ್ರಿ ಕೊನೆಯ ತನಕ ಬಿಡಲಿಲ್ಲ. ಆ ವಾದವನ್ನು ಇವತ್ತು ವಿದ್ವಾಂಸರು ಕೈಬಿಟ್ಟಿದ್ದಾರೆ. ಎಪ್ಪತ್ತೊಂದು ಇಂಚಿನ ವ್ಯತ್ಯಾಸಕ್ಕೆ ಅಪ್ಪನ ದೇವರನ್ನೇ ಬಿಟ್ಟುಕೊಟ್ಟ ಮನುಷ್ಯ ಇದೊಂದನ್ನು ಯಾಕೆ ಹಾಗೆ ಪರೀಕ್ಷೆಗೆ ಇಡಲಿಲ್ಲ? ದಿನಾ ಜೊತೆಗಿದ್ದು ಅಗೆಯುತ್ತಿದ್ದವರು ಆ ಕುಫ್ತಿಗಳೇ ಅಲ್ಲವಾ.

ವಿಧಾನದಲ್ಲೂ ತಪ್ಪುಗಳಿದ್ದವು. 1890ರಲ್ಲಿ ಪ್ಯಾಲೆಸ್ಟೈನಿನ ಟೆಲ್ ಎಲ್-ಹೆಸಿಯಲ್ಲಿ ಹಳ್ಳವೊಂದು ಕೊರೆದು ತೆರೆದಿಟ್ಟಿದ್ದ ದಿಬ್ಬದ ಪಕ್ಕವನ್ನು ಓದಿ, ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು, ಪದರಕ್ಕೊಂದು ಬಗೆಯ ಮಡಕೆ ಅಂತ ತೋರಿಸಿದ್ದು ಅವನೇ. ರಸ್ತೆಗೆ ಗುಡ್ಡ ಕಡಿದಾಗ ಪದರ ಕಾಣುತ್ತಲ್ಲ, ಹಾಗೆ. ಆದರೆ ಅವನು ದಾಖಲಿಸುತ್ತಿದ್ದದ್ದು ಎತ್ತರವನ್ನು. ಮಣ್ಣಿನ ಪದರ ಲೆವೆಲ್ಲಾಗಿ ಇರೋದಿಲ್ಲ, ಏರುತ್ತೆ, ಇಳಿಯುತ್ತೆ, ಗುಂಡಿ ಬಿದ್ದಿರುತ್ತೆ. ಒಂದೇ ಎತ್ತರದಲ್ಲಿ ಸಿಕ್ಕವೆಲ್ಲ ಒಂದೇ ಕಾಲದವು ಆಗಬೇಕಿಲ್ಲ. ಈ ವಿಷಯದಲ್ಲಿ ಅವನನ್ನು ಕಟುವಾಗಿ ಟೀಕಿಸಿದವನು ಮಾರ್ಟಿಮರ್ ವೀಲರ್. 1944ರಲ್ಲಿ ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥನಾಗಿ ಬಂದ ಅದೇ ವೀಲರ್ 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆದ. ಅದಕ್ಕೂ ಮುಂಚೆ ಅಲ್ಲಿ ಅಗೆದವರು ಮೈಸೂರಿನ ಎಂ. ಎಚ್. ಕೃಷ್ಣ. ಪದರ ಪದರವಾಗಿ ಬಿಡಿಸಿ, ಮಡಕೆ ಚೂರುಗಳಿಂದ ಕಾಲ ಹೇಳುವ ಕೆಲಸ ಬ್ರಹ್ಮಗಿರಿಯಲ್ಲೂ ನಡೆಯಿತು. ಮಡಕೆ ಚೂರು ಎಸೆಯಬಾರದು ಅನ್ನುವ ಪಾಠ ಮಾತ್ರ ಪೆಟ್ರಿಯದೇ.

ಟುಟಾಂಖಮುನ್ ಗೋರಿ ಸಿಕ್ಕ ಮೇಲೆ, ಸಿಕ್ಕಿದ್ದನ್ನು ಹೊರದೇಶದವರು ಪಾಲು ಮಾಡಿಕೊಂಡು ಒಯ್ಯುವುದಕ್ಕೆ ಈಜಿಪ್ಟ್ ಬಿಗಿ ಮಾಡಿತು. ಮಾಡಬೇಕಾದದ್ದೇ. ಅದುವರೆಗೆ ಪೆಟ್ರಿ ಸಾಗಿಸಿದ್ದು ಕಡಿಮೆಯೇನಲ್ಲ, ಲಂಡನ್ನಿನಲ್ಲಿ ಅವನ ಹೆಸರಿನ ಮ್ಯೂಸಿಯಂ ಒಂದರಲ್ಲೇ ಸುಮಾರು 80,000 ವಸ್ತುಗಳಿವೆ. 1926ರಲ್ಲಿ, 73ರ ವಯಸ್ಸಲ್ಲಿ, ಅವನು ಪ್ಯಾಲೆಸ್ಟೈನಿಗೆ ಹೋದ, ಗಾಜಾ ಸುತ್ತಮುತ್ತ ಇನ್ನೂ ಕೆಲವು ವರ್ಷ ಅಗೆದ. ನಿವೃತ್ತಿಯ ನಂತರ ಹಿಲ್ಡಾ ಜೊತೆ ಜೆರುಸಲೇಮಿನಲ್ಲಿ ನೆಲೆಸಿ, 1942ರ ಜುಲೈ 28ರಂದು ಅಲ್ಲೇ ತೀರಿಕೊಂಡ. ದೇಹ ಅಲ್ಲಿಯ ಜಿಯಾನ್ ಬೆಟ್ಟದ ಸ್ಮಶಾನದಲ್ಲಿದೆ. ತಲೆಯನ್ನು ಮಾತ್ರ ಲಂಡನ್ನಿನ ಸರ್ಜನ್ನರ ಕಾಲೇಜಿಗೆ ಅಧ್ಯಯನಕ್ಕೆ ಅಂತ ದಾನ ಕೊಟ್ಟಿದ್ದ. ಮಹಾಯುದ್ಧದ ಕಾಲ, ಕೂಡಲೇ ಸಾಗಿಸಲು ಆಗಲಿಲ್ಲ. ಯುದ್ಧ ಮುಗಿದ ಮೇಲೆ ಜಾಡಿಯಲ್ಲಿ ಲಂಡನ್ ತಲುಪಿತು.

ಗೀಜಾ ಪುಸ್ತಕ ಈಗ ಇಂಟರ್ನೆಟ್ಟಲ್ಲಿ ಪುಕ್ಕಟೆ ಸಿಗುತ್ತೆ. ಸರ್ವೆ ಲ್ಯಾಬ್ ಇರೋರು ಮೊದಲ ಅಧ್ಯಾಯಗಳನ್ನಾದರೂ ನೋಡಿ, ಯಾವ ಉಪಕರಣದಿಂದ ಎಷ್ಟು ತಪ್ಪು ಬರಬಹುದು ಅಂತ ಅವನು ಬರೆದಿರುವುದು ಅಲ್ಲಿದೆ. ನಾನು ಆ ಎಕ್ಸೆಲ್ ಶೀಟನ್ನು ಇನ್ನೂ ಡಿಲೀಟ್ ಮಾಡಿಲ್ಲ.